ಮೈದಾನ ಬಿಟ್ಟು ಹೊಲದಲ್ಲಿ ಇಳಿದ ದಿನ: ಸ್ಕೈಡೈವಿಂಗ್ ಕಲಿಯಲು ಹೊರಟವರಿಗೆ

ಸ್ಕೈಡೈವಿಂಗ್ ಕಲಿಯಲು ಹೋಗ್ತೀನಿ ಅಂದಾಗ ಎಲ್ಲರೂ ಕೇಳಿದ್ದು ಒಂದೇ ಪ್ರಶ್ನೆ. ಪ್ಯಾರಾಶೂಟ್ ತೆರೆಯದೇ ಹೋದರೆ? ಅದಕ್ಕೆ ಉತ್ತರ ಇದೆ. ಬೆನ್ನಿನ ಮೇಲೆ ಎರಡನೇ ಪ್ಯಾರಾಶೂಟ್ ಇರುತ್ತದೆ. ನಿಮ್ಮ ಕೈ ಆಡದೇ ಹೋದರೂ ಅದನ್ನು ತಾನೇ ಬಿಚ್ಚುವ ಎಎಡಿ ಅನ್ನೋ ಪುಟ್ಟ ಯಂತ್ರವೂ ಇರುತ್ತದೆ. ಯಾರೂ ಕೇಳದ ಪ್ರಶ್ನೆ ಬೇರೆ. ಪ್ಯಾರಾಶೂಟ್ ಚೆನ್ನಾಗಿಯೇ ತೆರೆದು, ಇಳಿಯಬೇಕಾದ ಮೈದಾನ ಮಾತ್ರ ಎಟುಕದಷ್ಟು ದೂರ ಇದ್ದರೆ?

ಎಎಫ್‌ಎಫ್ ತರಬೇತಿಯಲ್ಲಿದ್ದಾಗ ನನಗೆ ಆಗಿದ್ದು ಅದೇ. ಎಎಫ್‌ಎಫ್ ಅಂದರೆ ಇನ್‌ಸ್ಟ್ರಕ್ಟರ್‌ಗಳು ಪಕ್ಕದಲ್ಲೇ ಬೀಳುತ್ತಾ ಕಲಿಸುವ ಪದ್ಧತಿ. ಆದರೆ ಅವರು ಜೊತೆಗಿರುವುದು ಪ್ಯಾರಾಶೂಟ್ ತೆರೆಯುವವರೆಗೆ ಮಾತ್ರ. ಆಮೇಲಿನ ನಾಲ್ಕೈದು ನಿಮಿಷ ನೀವು ಒಬ್ಬರೇ. ರೇಡಿಯೋ ಇರುತ್ತದೆ ನಿಜ, ಆದರೆ ಅದರಲ್ಲಿ ನೀವು ಕೇಳಿಸಿಕೊಳ್ಳಬಹುದು ಅಷ್ಟೇ. ತಿರುಗಿ ಮಾತಾಡೋ ಹಾಗಿಲ್ಲ.

ಇಷ್ಟು ದೂರ ಹೋಗಿದ್ದು ಹೇಗೆ ಅನ್ನೋದನ್ನು ಮೊದಲು ಹೇಳುತ್ತೇನೆ, ಯಾಕೆಂದರೆ ಇದು ಯಾರಿಗೆ ಬೇಕಾದರೂ ಆಗಬಹುದು. ಜಿಗಿಯುವ ಹೊತ್ತಿಗೆ ವಿಮಾನ ಸಾಮಾನ್ಯವಾಗಿ ಗಾಳಿಗೆ ಎದುರಾಗಿ ಹೋಗುತ್ತಿರುತ್ತದೆ. ನೆಲದ ಲೆಕ್ಕದಲ್ಲಿ ಅದರ ವೇಗ ಗಂಟೆಗೆ 110 ಕಿಲೋಮೀಟರ್ ಅಂತಿಟ್ಟುಕೊಳ್ಳಿ. ಬಾಗಿಲಲ್ಲಿ 10 ಸೆಕೆಂಡ್ ತಡವಾದರೆ 300 ಮೀಟರ್ ದಾಟಿತು. ಅನುಭವಿಗಳ ಗುಂಪುಗಳು ಮೊದಲು ಹಾರುತ್ತವೆ. ವಿದ್ಯಾರ್ಥಿಗಳ ಸರದಿ ಸಾಮಾನ್ಯವಾಗಿ ಅವರ ನಂತರ. ಆವತ್ತು ಮುಂದಿದ್ದವರು ಬಾಗಿಲ ಬಳಿ ಹೊತ್ತು ತೆಗೆದುಕೊಂಡರು. ನಮ್ಮ ಸರದಿ ಬರುವಷ್ಟರಲ್ಲಿ ವಿಮಾನ ಬಹಳ ಮುಂದೆ ಹೋಗಿತ್ತು. ಆಮೇಲೆ ಸುಮಾರು ಒಂದು ನಿಮಿಷದ ಫ್ರೀಫಾಲ್, ಅಂದರೆ ಪ್ಯಾರಾಶೂಟ್ ತೆರೆಯುವ ಮುಂಚಿನ ಬೀಳುವಿಕೆ. ಆ ಒಂದು ನಿಮಿಷದಲ್ಲಿ ಗಾಳಿ ನಮ್ಮನ್ನು ಹಿಂದಕ್ಕೆ, ಮೈದಾನದ ಕಡೆಗೇ ತಳ್ಳುತ್ತಿರುತ್ತದೆ, ಆದರೆ ಆವತ್ತು ಅದು ಸಾಲಲಿಲ್ಲ. ಮೇಲಿನ ಗಾಳಿ ಗಂಟೆಗೆ 40 ಕಿಲೋಮೀಟರ್ ಇದ್ದರೆ, ಬೀಳುತ್ತಲೇ ಅರ್ಧ ಕಿಲೋಮೀಟರಿಗೂ ಜಾಸ್ತಿ ಹಿಂದಕ್ಕೆ ಸರಿದಿರುತ್ತೀರಿ. ಮೈಮೇಲೆ ಗಾಳಿ ಹೊಡೆಯುವ ಸದ್ದಿನಲ್ಲಿ ಅದು ಒಂಚೂರೂ ಗೊತ್ತಾಗಲ್ಲ.

5,500 ಅಡಿಯಲ್ಲಿ ಎಳೆದೆ. ತೆರೆಯಿತು. ತಲೆ ಎತ್ತಿ ನೋಡಿದೆ: ಚೌಕವಾಗಿದೆಯಾ, ಅಲುಗಾಡದೆ ನಿಂತಿದೆಯಾ, ಹೇಳಿದ ಕಡೆ ತಿರುಗುತ್ತಾ? ಎಲ್ಲಾ ಸರಿ. ಎರಡೂ ಟಾಗಲ್ (ಪ್ಯಾರಾಶೂಟ್ ತಿರುಗಿಸುವ, ನಿಧಾನಿಸುವ ಹಿಡಿಗಳು) ಎಳೆದು ಫ್ಲೇರ್, ಅಂದರೆ ನೆಲ ಮುಟ್ಟುವ ಮುಂಚೆ ವೇಗ ತಗ್ಗಿಸುವ ಕೆಲಸ ಮಾಡಿ ನೋಡಿದ್ದೂ ಆಯ್ತು. ಆಮೇಲೆ ಮೈದಾನ ಹುಡುಕಿದೆ. ಕಾಲ ಕೆಳಗೆ ಇರಬೇಕಾದದ್ದು ಅಲ್ಲಿರಲಿಲ್ಲ. ಸುತ್ತ ಒಂದು ತಿರುವು ತಿರುಗಿದ ಮೇಲೆ ರನ್‌ವೇ ಕಂಡಿತು, ಬೂದು ಬಣ್ಣದ ಒಂದು ಚಿಕ್ಕ ಗೀಟು. ನಡುವೆ ಮರಗಳ ದೊಡ್ಡ ತೋಪು, ಅದರ ಆಚೆ ರಸ್ತೆ.

ಇಲ್ಲಿ ಒಂದು ವಿಷಯ ಗೊತ್ತಿದ್ದರೆ ಉಪಯೋಗ. ವಿದ್ಯಾರ್ಥಿಗಳಿಗೆ ಕೊಡುವ ಕ್ಯಾನೊಪಿ, ಅಂದರೆ ಪ್ಯಾರಾಶೂಟಿನ ಬಟ್ಟೆ, ದೊಡ್ಡದು, ನಿಧಾನಿ. ಹೆಚ್ಚುಕಡಿಮೆ ನಿಮಿಷಕ್ಕೆ 1,000 ಅಡಿ ಇಳಿಯುತ್ತದೆ. ಅದರ ಮುಂದೋಟದ ವೇಗ ಗಂಟೆಗೆ 30ರಿಂದ 40 ಕಿಲೋಮೀಟರ್. ಗಾಳಿ ಬೆನ್ನಿಗಿದ್ದರೆ ಅದರ ವೇಗವೂ ಸೇರುತ್ತದೆ, ಎದುರಿದ್ದರೆ ಅಷ್ಟೂ ಕಳೆಯುತ್ತದೆ. ಹಾಗಾಗಿ ಗಾಳಿ ಬೆನ್ನಿಗಿದ್ದಾಗ ಟಾಗಲ್‌ಗಳನ್ನು ಅರ್ಧದವರೆಗೆ ಎಳೆದು ಹಿಡಿಯಬೇಕು. ಇಳಿಯುವುದು ನಿಧಾನವಾಗುತ್ತದೆ, ಗಾಳಿ ನಿಮ್ಮನ್ನು ಜಾಸ್ತಿ ಹೊತ್ತು ಹೊತ್ತೊಯ್ಯುತ್ತದೆ. ಗಾಳಿ ಎದುರಿದ್ದರೆ ಕೈ ಪೂರ್ತಿ ಮೇಲೆ ಬಿಟ್ಟು ವೇಗವಾಗಿ ಹೋಗಲು ಬಿಡಬೇಕು. ಹೊಸಬರಿಗೆ ಇದು ಉಲ್ಟಾ ಅನಿಸುತ್ತದೆ.

ನನಗೆ ಮೊದಲು ಗಾಳಿ ಬೆನ್ನಿಗಿತ್ತು. ಟಾಗಲ್ ಅರ್ಧಕ್ಕೆ ಹಿಡಿದು ಹೊರಟೆ. ತೋಪು ಹತ್ತಿರ ಬರುತ್ತಿತ್ತು. ಸುಮಾರು 2,500 ಅಡಿಗೆ ಬಂದಾಗ ಚಿತ್ರವೇ ಬದಲಾಯಿತು. ಕೆಳಗಿನ ಗಾಳಿಯ ದಿಕ್ಕು ಬೇರೆ ಇತ್ತು. ಮೇಲೊಂದು ಗಾಳಿ, ಕೆಳಗೊಂದು ಗಾಳಿ ಇರುವುದು ಅಪರೂಪವೇನಲ್ಲ. ಎದುರು ಪ್ರವಾಹಕ್ಕೆ ಈಜಿದ ಹಾಗೆ, ಮುಂದೆ ಹೋಗುತ್ತಿದ್ದೇನೆ ಅನ್ನೋ ಭಾವನೆ ಇದೆ, ದಡ ಮಾತ್ರ ಹತ್ತಿರವಾಗುತ್ತಿಲ್ಲ.

ತಲುಪುತ್ತೀವಾ ಇಲ್ವಾ ಅಂತ ಊಹಿಸುವ ಅಗತ್ಯ ಇಲ್ಲ, ನೋಡಿಯೇ ಹೇಳಬಹುದು. ತರಗತಿಯಲ್ಲಿ ಕಲಿಸಿದ್ದರಲ್ಲಿ ನನ್ನ ಪ್ರಕಾರ ಅತಿ ಹೆಚ್ಚು ಬೆಲೆಯ ಪಾಠ ಇದು. ಮುಂದೆ ದಿಟ್ಟಿಸಿ ನೋಡಿ. ದೂರದ ಜಾಗಗಳು ಕಣ್ಣಿನೆದುರು ನಿಧಾನವಾಗಿ ಮೇಲಕ್ಕೆ ಏರುತ್ತಿರುತ್ತವೆ. ಹತ್ತಿರದವು ಕೆಳಗೆ ಜಾರಿ ಕಾಲಡಿಗೆ ಬರುತ್ತವೆ. ಮಧ್ಯೆ ಎಲ್ಲೋ ಒಂದು ಜಾಗ ಮೇಲೂ ಹೋಗಲ್ಲ, ಕೆಳಗೂ ಬರಲ್ಲ. ಹೀಗೇ ಹೋದರೆ ನೀವು ಇಳಿಯುವುದು ಅಲ್ಲಿ. ನನ್ನ ರನ್‌ವೇ ಏರುತ್ತಿತ್ತು. ಅಲುಗಾಡದೆ ನಿಂತಿದ್ದ ಜಾಗ ಮರಗಳ ನಡುವೆ ಇತ್ತು.

ಎಲ್ಲಾ ಸಿದ್ಧತೆಯೂ ಇಂಥ ಹೊತ್ತಿಗಾಗಿಯೇ ಮಾಡುವುದು. 2,000 ಅಡಿಗೆ ಬಂದಾಗ ಮೈದಾನ ಖಚಿತವಾಗಿ ಸಿಗುತ್ತೆ ಅನ್ನೋ ಹಾಗಿಲ್ಲದಿದ್ದರೆ ಬೇರೆ ಜಾಗ ಆರಿಸಬೇಕು ಅಂತ ನಮಗೆ ಹೇಳಿದ್ದರು. 'ಖಚಿತವಾಗಿ' ಅಂದರೆ ಖಚಿತವಾಗಿಯೇ. 'ಬಹುಶಃ' ಅನ್ನೋದು ಲೆಕ್ಕಕ್ಕಿಲ್ಲ. ರೇಡಿಯೋದಲ್ಲಿ ಬರೀ ಗರಗರ ಸದ್ದು. ಎತ್ತರ ತೋರಿಸುವ ಆಲ್ಟಿಮೀಟರ್ ನೋಡಿದೆ. ಮೈದಾನಕ್ಕೆ ಬೆನ್ನು ಹಾಕಿದೆ.

ನಿಜ ಹೇಳಬೇಕೆಂದರೆ ಆ ತಿರುವು ಮಾಡಲು ಮನಸ್ಸು ಒಪ್ಪುವುದಿಲ್ಲ. ಅಲ್ಲಿ ನಮ್ಮವರಿದ್ದಾರೆ, ಗಾಳಿಯ ದಿಕ್ಕು ತೋರಿಸುವ ಗಾಳಿಚೀಲ ಇದೆ, ಹುಲ್ಲು ಇದೆ. ಇಲ್ಲಿ ಯಾರ ಜಮೀನೋ ಏನೋ. ಮನಸ್ಸು ಇನ್ನೊಂದು ಸ್ವಲ್ಪ ನೋಡೋಣ ಅನ್ನುತ್ತದೆ. ಆ 'ಇನ್ನೊಂದು ಸ್ವಲ್ಪ' 500 ಅಡಿ ತಿಂದು ಹಾಕುತ್ತದೆ. ಕೊನೆಗೆ ಮರದ ಮೇಲೆಯೋ ತಂತಿಯ ಹತ್ತಿರವೋ ಇದ್ದಾಗ ಗಾಬರಿಯಲ್ಲಿ ಒಂದು ಟಾಗಲ್ ಜೋರಾಗಿ ಎಳೆಯುವುದು. ಕ್ಯಾನೊಪಿ ತಿರುಗುವಾಗ ವಾಲುತ್ತದೆ, ಮೂಗು ಕೆಳಗೆ ಹಾಕಿ ವೇಗ ಹಿಡಿಯುತ್ತದೆ. ಮತ್ತೆ ನೆಟ್ಟಗಾಗಲು ಅದಕ್ಕೆ ಎತ್ತರ ಬೇಕು. ನೆಲದ ಹತ್ತಿರ ಆ ಎತ್ತರ ಇರಲ್ಲ. ಈ ಆಟದಲ್ಲಿ ಚೆನ್ನಾಗಿ ತೆರೆದ ಪ್ಯಾರಾಶೂಟಿನ ಕೆಳಗೇ ಜನ ಕಾಲು ಸೊಂಟ ಮುರಿದುಕೊಳ್ಳುವುದು, ಪ್ರಾಣ ಕಳೆದುಕೊಳ್ಳುವುದು ಬಹಳ ಸಲ ಇಂಥ ತಡವಾದ ತಿರುವಿನಿಂದ.

ಅಮೆರಿಕದ ಪ್ಯಾರಾಶೂಟ್ ಸಂಘ ಯುಎಸ್‌ಪಿಎ ಕಲಿಸುವ ಕ್ರಮವೂ ಇದನ್ನೇ ಹೇಳುತ್ತದೆ. ಮೊದಲನೆಯದು, ಕ್ಯಾನೊಪಿ ಎಡಕ್ಕೋ ಬಲಕ್ಕೋ ವಾಲದೆ ಮಟ್ಟವಾಗಿರಬೇಕು. ಎರಡನೆಯದು, ಅಡೆತಡೆ ಇಲ್ಲದ ಬಯಲು. ಮೂರನೆಯದು, ಕನಿಷ್ಠ ಅರ್ಧದಷ್ಟಾದರೂ ಫ್ಲೇರ್. ಗುರಿ ಆ ಪಟ್ಟಿಯಲ್ಲೇ ಇಲ್ಲ. ಗಾಳಿಗೆ ಮುಖ ಮಾಡಿ ಇಳಿಯಬೇಕು ಅನ್ನೋದೂ ಇಲ್ಲ. ತಡವಾಗಿ ತಿರುಗುವುದಕ್ಕಿಂತ ಗಾಳಿ ಪಕ್ಕದಿಂದ ಬರುತ್ತಿರುವಾಗಲೇ, ಅಷ್ಟೇಕೆ ಬೆನ್ನಿಂದ ಬರುತ್ತಿರುವಾಗಲೇ ನೇರವಾಗಿ ಇಳಿದುಬಿಡುವುದು ಮೇಲು. ಜೋರಾಗಿ ಉರುಳುತ್ತೀರಿ, ಅಷ್ಟೇ.

ಹೊಲ ಆರಿಸುವುದು ಹೇಗೆ? ದೊಡ್ಡದು, ಮಟ್ಟವಾದದ್ದು, ಒಂಟಿ ಬಣ್ಣದ್ದು. ಮಧ್ಯೆ ಬಣ್ಣ ಬದಲಾದರೆ ಅಲ್ಲಿ ಬೇಲಿಯೋ ಹಳ್ಳವೋ ಇರುತ್ತದೆ ಅಂತಲೇ ತಿಳಿಯಿರಿ. ಕರೆಂಟ್ ತಂತಿಗಳು ಮೇಲಿನಿಂದ ಕಾಣಲ್ಲ. ಕಂಬಗಳನ್ನು ಹುಡುಕಿ, ಕಂಬದಿಂದ ಕಂಬಕ್ಕೆ ಮನಸ್ಸಿನಲ್ಲೇ ಗೆರೆ ಎಳೆಯಿರಿ. ರಸ್ತೆ ಇದ್ದಲ್ಲಿ, ಮನೆ ಇದ್ದಲ್ಲಿ ತಂತಿ ಇದ್ದೇ ಇರುತ್ತದೆ ಅಂದುಕೊಂಡರೆ ನಷ್ಟವಿಲ್ಲ. ಮರಗಳ ಸಾಲಿನಿಂದ ಗಾಳಿ ಬೀಸಿ ಬರುತ್ತಿದ್ದರೆ ಅದರ ಹಿಂದೆ ಸುಳಿ ಇರುತ್ತದೆ. ಮರದ ಎತ್ತರದ ಹತ್ತಿಪ್ಪತ್ತು ಪಟ್ಟು ದೂರದವರೆಗೂ ಅದು ಕ್ಯಾನೊಪಿಯನ್ನು ಕುಲುಕಬಹುದು. ಇಳಿಜಾರು ಮತ್ತು ಎತ್ತರದ ಬೆಳೆ ಎರಡೂ ಮೇಲಿಂದ ಚಪ್ಪಟೆ ಹುಲ್ಲಿನ ಹಾಗೇ ಕಾಣುತ್ತವೆ, ನಂಬಬೇಡಿ. ಗಾಳಿಯ ದಿಕ್ಕು ತಿಳಿಯಲು ಗಾಳಿಚೀಲವೇ ಬೇಕಂತಿಲ್ಲ. ಹೊಗೆ, ಧೂಳು, ಒಣಗಲು ಹಾಕಿದ ಬಟ್ಟೆ ಸಾಕು.

ನನಗೆ ಸಿಕ್ಕಿದ್ದು ಕಟಾವು ಮುಗಿದ ಹೊಲ. 1,000 ಅಡಿಯಲ್ಲಿ ಅದರ ಒಂದು ಮೂಲೆಯ ಹೊರಗಿದ್ದೆ. ಮೈದಾನದಲ್ಲಿ ಮಾಡುವ ಹಾಗೇ ಇಲ್ಲೂ ಮೂರು ಬದಿಯ ಹಾದಿ: 1,000ದಿಂದ ಗಾಳಿಯ ಜೊತೆ, 600ರಲ್ಲಿ ಅಡ್ಡಕ್ಕೆ, 300ರಲ್ಲಿ ಗಾಳಿಗೆ ಮುಖ. ಗೊತ್ತಿಲ್ಲದ ಜಾಗದಲ್ಲೂ ಗೊತ್ತಿರುವ ಕೆಲಸವನ್ನೇ ಮಾಡುತ್ತಿದ್ದರೆ ತಲೆ ತಣ್ಣಗಿರುತ್ತದೆ. ಕಾಲು, ಮಂಡಿ ಎರಡೂ ಜೋಡಿಸಿಕೊಂಡೆ. ನಿಂತೇ ಇಳಿಯಬೇಕು ಅನ್ನೋ ಆಸೆಯನ್ನು ಅಪರಿಚಿತ ನೆಲದಲ್ಲಿ ಬಿಟ್ಟುಬಿಡಿ. ಹೆಂಟೆ, ಗುಂಡಿ ಯಾವುದೂ ಕಾಣಿಸಿರಲ್ಲ. ಫ್ಲೇರ್ ಮಾಡಿದೆ, ಪಿಎಲ್‌ಎಫ್ (ಪೆಟ್ಟು ಮೈಗೆಲ್ಲ ಹಂಚಿಹೋಗುವಂತೆ ಬೀಳುವ ಕ್ರಮ) ಮಾಡಿ ಉರುಳಿದೆ: ಪಾದ, ಮೀನಖಂಡ, ತೊಡೆ, ಸೊಂಟ, ಬೆನ್ನಿನ ಪಕ್ಕ. ತರಗತಿಯಲ್ಲಿ ಮರದ ಕಟ್ಟೆಯಿಂದ ಮತ್ತೆ ಮತ್ತೆ ಜಿಗಿಸಿ ಉರುಳಿಸಿದಾಗ ಇದೇನು ಕುಸ್ತಿ ಅಖಾಡವಾ ಅಂತ ಗೊಣಗಿದ್ದೆ. ಆ ಗೊಣಗು ವಾಪಸ್.

ಹೊಲ ಸಿಗದೇ ಮರವೇ ಗತಿ ಅನ್ನುವ ಹಾಗಾದರೆ? ಕಾಲು ಬಿಗಿಯಾಗಿ ಜೋಡಿಸಿ, ಮುಖ ಮುಚ್ಚಿಕೊಳ್ಳಿ. ಸಿಕ್ಕಿಹಾಕಿಕೊಂಡರೆ ಇಳಿಯುವ ಸಾಹಸ ಬೇಡ, ಸಹಾಯ ಬರುವವರೆಗೆ ತೂಗಾಡಿ. ತಂತಿಗೆ ಸಿಕ್ಕಿದರೆ ಕರೆಂಟ್ ತೆಗೆದಿದ್ದಾರೆ ಅಂತ ಖಚಿತವಾಗುವ ತನಕ ಯಾರೂ ನಿಮ್ಮನ್ನು ಮುಟ್ಟಬಾರದು, ನೀವೂ ಏನನ್ನೂ ಮುಟ್ಟಬಾರದು. ನೀರಿನ ಪಾಠ ಉದ್ದ, ಅದನ್ನು ತರಗತಿಯಲ್ಲಿ ಸರಂಜಾಮು ಹಾಕಿಕೊಂಡೇ ಕಲಿಯಿರಿ.

ಇಳಿದ ತಕ್ಷಣ ಎದ್ದು ನಿಲ್ಲಿ, ಕೈ ಬೀಸಿ. ಮೇಲೆ ಇನ್ನೂ ಕ್ಯಾನೊಪಿಗಳಿರುತ್ತವೆ, ಮೈದಾನದಲ್ಲಿ ದುರ್ಬೀನು ಹಿಡಿದವರಿರುತ್ತಾರೆ. ಸುಸ್ತಾಯ್ತು ಅಂತ ಸುಮ್ನೆ ಮಲಗಿದರೆ ನಿಮಗೆ ಏಟಾಗಿದೆ ಅಂತಲೇ ಅವರು ಓಡಿ ಬರುತ್ತಾರೆ. ಗಾಳಿ ಕ್ಯಾನೊಪಿಯನ್ನು ಎಳೆಯುತ್ತಿದ್ದರೆ ಒಂದೇ ಟಾಗಲ್ ಹಿಡಿದು ಪೂರ್ತಿ ಎಳೆದುಕೊಳ್ಳಿ, ಕುಸಿಯುತ್ತದೆ. ಆಮೇಲೆ ಫೋನ್. ಜಿಪ್ ಇರುವ ಜೇಬಿನಲ್ಲಿ ಫೋನ್ ಇರಲಿ, ಅದರಲ್ಲಿ ಡ್ರಾಪ್ ಜೋನಿನ, ಅಂದರೆ ಸ್ಕೈಡೈವಿಂಗ್ ಕೇಂದ್ರದ ನಂಬರ್ ಇರಲಿ. ಮೊದಲೇ ಸೇವ್ ಮಾಡಿಕೊಂಡಿದ್ದರಿಂದ ಒಂದೇ ಕರೆಗೆ ಗಾಡಿ ಬಂತು.

ಗಾಡಿ ಬರುವಷ್ಟರಲ್ಲಿ ಜಮೀನಿನ ಯಜಮಾನರೂ ಬಂದರು. ನಮಸ್ಕಾರ ಹೇಳಿ, ನೀವೇ ಮೊದಲು ಮಾತಾಡಿ. ಬೆಳೆ ಇದ್ದರೆ ಸಾಲಿನ ನಡುವೆ ನಡೆಯಿರಿ, ಏನಾದರೂ ಹಾಳಾಗಿದ್ದರೆ ಮುಚ್ಚಿಡಬೇಡಿ. ತೆರೆದ ಗೇಟು ಮುಚ್ಚಿ. ನೀವು ಒಂದು ಸಲ ಬಂದು ಹೋಗುವವರು, ಡ್ರಾಪ್ ಜೋನಿನವರು ಅವರ ಜೊತೆ ವರ್ಷಗಟ್ಟಲೆ ಬಾಳಬೇಕಲ್ವಾ.

ಇನ್ನು ಹೊರಡುವ ಮುಂಚಿನ ತಯಾರಿ. ಮೊದಲ ದಿನವೇ ಡ್ರಾಪ್ ಜೋನಿನ ಗೋಡೆಯ ಮೇಲಿರುವ ವೈಮಾನಿಕ ಚಿತ್ರದ ಮುಂದೆ ನಿಲ್ಲಿ. ಯಾವ ದಿಕ್ಕಿಗೆ ಹೋದರೆ ಎಲ್ಲಿ ಇಳಿಯಬಹುದು ಅಂತ ಇನ್‌ಸ್ಟ್ರಕ್ಟರ್ ಹತ್ತಿರ ಕೇಳಿ. ವಿಮಾನ ಏರುವಾಗ ಸೆಲ್ಫಿ ಬಿಟ್ಟು ಕಿಟಕಿಯಿಂದ ಅದೇ ಹೊಲಗಳನ್ನು ಗುರುತಿಸಿ. 2,000 ಅಡಿ ದಾಟುವಾಗ ಒಮ್ಮೆ ಕೆಳಗೆ ನೋಡಿ, ಆ ಎತ್ತರ ಕಣ್ಣಿಗೆ ಹೇಗಿರುತ್ತದೆ ಅಂತ ತಿಳಿಯುತ್ತದೆ. ಕಣಕಾಲು ಹಿಡಿಯುವ ಶೂ ಹಾಕಿ, ಕೊಕ್ಕೆ ಇರುವ ಬೂಟು ಬೇಡ, ದಾರಗಳು ಸಿಕ್ಕಿಕೊಳ್ಳುತ್ತವೆ. ನಿಮ್ಮ ವಿಮೆ ಸ್ಕೈಡೈವಿಂಗ್‌ಗೆ ಅನ್ವಯಿಸುತ್ತಾ ಅಂತ ಓದಿ ನೋಡಿ, ಎಷ್ಟೋ ಪಾಲಿಸಿಗಳಲ್ಲಿ ಇರಲ್ಲ.

ಕೈಯಲ್ಲಿ ಹೆಚ್ಚುವರಿ ದಿನಗಳಿರಲಿ. ಯುಎಸ್‌ಪಿಎ ನಿಯಮದಲ್ಲಿ ಒಂಟಿಯಾಗಿ ಇಳಿಯುವ ವಿದ್ಯಾರ್ಥಿಗಳಿಗೆ ನೆಲದ ಗಾಳಿಯ ಮಿತಿ ಗಂಟೆಗೆ 14 ಮೈಲಿ, ಅಂದರೆ ಸುಮಾರು 22 ಕಿಲೋಮೀಟರ್. ಅದು ದಾಟಿದರೆ ಅನುಭವಿಗಳು ಹಾರುತ್ತಿರುತ್ತಾರೆ, ನೀವು ಕೂತಿರುತ್ತೀರಿ. ವಾಪಸ್ ಟಿಕೆಟ್ ಆ ದಿನ ಸಂಜೆಗೇ ಇದ್ದರೆ ಹಾರುವ ಆತುರ ಹುಟ್ಟುತ್ತದೆ. ಅದು ಬೇಡ.

ಕೊನೆಗೆ ಹೊರಗೆ ಇಳಿದವರು ಮರೆಯುವ ಒಂದೆರಡು ಕೆಲಸ. ಕ್ಯಾನೊಪಿಯನ್ನು ನೇರವಾಗಿ ಮಡಚಲು ಕೊಡಬೇಡಿ. ಕೂಳೆ, ಮುಳ್ಳು, ತೇವ ಇದೆಯಾ ಅಂತ ಬಿಡಿಸಿ ನೋಡಲು ಹೇಳಿ. ಎಎಡಿ ಗಾಳಿಯ ಒತ್ತಡದಿಂದ ಎತ್ತರ ಲೆಕ್ಕ ಹಾಕುತ್ತದೆ. ಬೇರೆ ಮಟ್ಟದ ನೆಲದಲ್ಲಿ ಇಳಿದು ಗಾಡಿಯಲ್ಲಿ ಬಂದಿದ್ದರೆ, ಮುಂದಿನ ಜಿಗಿತಕ್ಕೆ ಮುಂಚೆ ಡ್ರಾಪ್ ಜೋನಿನಲ್ಲೇ ಅದನ್ನು ಆಫ್ ಮಾಡಿ ಮತ್ತೆ ಆನ್ ಮಾಡಬೇಕಾಗುತ್ತದೆ. ನೀವೇ ಮುಟ್ಟಬೇಡಿ, ಹೊರಗೆ ಇಳಿದೆ ಅಂತ ಇನ್‌ಸ್ಟ್ರಕ್ಟರ್‌ಗೆ ಹೇಳಿ. ಲಾಗ್‌ಬುಕ್ಕಿನಲ್ಲಿ ಎಷ್ಟು ದೂರ, ಯಾವ ಗಾಳಿ, ಯಾವ ಎತ್ತರದಲ್ಲಿ ನಿರ್ಧಾರ ಅಂತ ಅವತ್ತೇ ಬರೆಯಿರಿ. ಯುಎಸ್‌ಪಿಎಯ ಮೊದಲ ಹಂತದ ಎ ಲೈಸೆನ್ಸ್‌ಗೆ ಗುರಿಯಿಂದ 20 ಮೀಟರ್ ಒಳಗೆ ಐದು ಸಲ ಇಳಿದು ತೋರಿಸಬೇಕು. ಈ ಜಿಗಿತ ಆ ಲೆಕ್ಕಕ್ಕೆ ಬರಲ್ಲ. ನನ್ನ ಪುಸ್ತಕದಲ್ಲಿ ಇನ್‌ಸ್ಟ್ರಕ್ಟರ್ ಆ ಸಾಲಿನ ಪಕ್ಕ ಸಹಿ ಹಾಕಿ, ಮುಂದಿನ ವಿಮಾನದ ಪಟ್ಟಿಗೆ ಹೆಸರು ಸೇರಿಸಿದರು.