ಮುಟ್ಟದಿದ್ದರೂ 'ಹೂಂ'

9 ಜುಲೈ 2024, ಮಂಗಳವಾರ

ಅಪ್ಪನ ಶುಗರ್ ಚೆಕಪ್ ಇತ್ತು. ಕಾದಿದ್ದು, ಟೋಕನ್ನು, ಬಿಲ್ಲು ಎಲ್ಲ ಬಿಡಿ.

ಈ ಸಲ ಡಾಕ್ಟರು ಪಾದವನ್ನೂ ನೋಡಿದರು. ಒಂದು ಹಿಡಿ, ಅದರ ತುದಿಯಲ್ಲಿ ನೈಲಾನ್ ಎಳೆ. ಚರ್ಮಕ್ಕೆ ಒತ್ತಿದರೆ ಸರಿಯಾಗಿ 10 ಗ್ರಾಂ ಭಾರಕ್ಕೆ ಬಾಗುತ್ತದೆ. "ಕಣ್ಣು ಮುಚ್ಕೊಳ್ಳಿ, ಮುಟ್ಟಿದ್ದು ಗೊತ್ತಾದಾಗ ಹೂಂ ಅನ್ನಿ" ಅಂದರು. ಅಪ್ಪ ಹೂಂ ಅಂದರು. ಮತ್ತೆ ಹೂಂ. ಡಾಕ್ಟರು ನನ್ನ ಕಡೆ ನೋಡಿದರು. ಎಳೆ ಇನ್ನೂ ಗಾಳಿಯಲ್ಲೇ ಇತ್ತು. ಆಮೇಲೆ ಹೆಬ್ಬೆರಳ ಬುಡಕ್ಕೆ ನಿಜವಾಗಿ ಒತ್ತಿದಾಗ ಅಪ್ಪ ಸುಮ್ಮನಿದ್ದರು.

ನಗು ಬಂತು. ಹಿಂದೆಯೇ ಕರುಳು ಚುರ್ ಅಂದಿತು. ಮೋಸ ಮಾಡುವವರಲ್ಲ ಅಪ್ಪ. ಪರೀಕ್ಷೆ ಅಂದ್ರೆ ಪಾಸಾಗಲೇಬೇಕು ಅನ್ನೋ ಜೀವ.

ಆಮೇಲೆ ಟ್ಯೂನಿಂಗ್ ಫೋರ್ಕ್, ಸೆಕೆಂಡಿಗೆ 128 ಸಲ ಅದುರುವಂಥದ್ದು. ಹೆಬ್ಬೆರಳ ಮೂಳೆಗೆ ಊರಿ, "ಅದುರೋದು ನಿಂತಾಗ ಹೇಳಿ" ಅಂದರು. ಅಪ್ಪ "ನಿಂತ್ಹೋಯ್ತು" ಅಂದ ಕೂಡಲೇ ಅದನ್ನು ತೆಗೆದು ನನ್ನ ಕೈಬೆರಳ ಗೆಣ್ಣಿಗೆ ಇಟ್ಟರು. ಇನ್ನೂ ಜುಮ್ ಅಂತಿತ್ತು.

ಮನೆಗೆ ಬಂದ ಮೇಲೆ ವಾದ ಶುರು.

"ನಂಗೆ ನೋವೇ ಇಲ್ಲ ಕಣೇ. ಕಾಲು ಚೆನ್ನಾಗೇ ಇದೆ."

"ನೋವು ಗೊತ್ತಾಗದೇ ಇರೋದೇ ತೊಂದರೆ ಅಪ್ಪ."

"ಇದೊಳ್ಳೆ ಕಥೆ! ನೋವಿದ್ರೂ ಮಾತ್ರೆ, ಇಲ್ದಿದ್ರೂ ಮಾತ್ರೆ."

ತಿಳಿದಷ್ಟು ಹೇಳಿದೆ. ಚರ್ಮದೊಳಗೆ ಒತ್ತಡಕ್ಕೆ, ಅದುರಿಗೆ, ಬಿಸಿಗೆ, ತಂಪಿಗೆ ಬೇರೆ ಬೇರೆ ನರತುದಿಗಳಿವೆ. ಒತ್ತಿದಾಗ ತುದಿಯ ಪೊರೆ ಬಿಗಿಯುತ್ತದೆ, ಅದರಲ್ಲಿರುವ ಪುಟ್ಟ ರಂಧ್ರಗಳು ತೆರೆಯುತ್ತವೆ, ಸೋಡಿಯಂನಂಥ ಅಯಾನುಗಳು ಒಳಗೆ ನುಗ್ಗುತ್ತವೆ. ಅಲ್ಲಿಂದ ವಿದ್ಯುತ್ ಮಿಡಿತ ಹೊರಡುತ್ತದೆ. ಜೋರಾಗಿ ಒತ್ತಿದರೆ ಮಿಡಿತ ದೊಡ್ಡದಾಗುವುದಿಲ್ಲ, ಬೇಗ ಬೇಗ ಬರುತ್ತದೆ, ಅಷ್ಟೇ. ಒತ್ತಡಕ್ಕೆ ತೆರೆಯುವ ಆ ರಂಧ್ರಗಳನ್ನು ಗುರುತಿಸಿದ ಆರ್ಡೆಮ್ ಪಟಪೂಟಿಯನ್, ಬಿಸಿಯದನ್ನು ಗುರುತಿಸಿದ ಡೇವಿಡ್ ಜೂಲಿಯಸ್, ಇಬ್ಬರೂ 2021ರ ನೊಬೆಲ್ ಹಂಚಿಕೊಂಡರು. ನೊಬೆಲ್ ಅಂದಾಗ ಮಾತ್ರ ಅಪ್ಪ ಪೇಪರ್ ಮಡಚಿಟ್ಟರು.

ಸ್ಪರ್ಶದ ನರಗಳು ಚುರುಕು, ಸೆಕೆಂಡಿಗೆ ಹತ್ತಾರು ಮೀಟರ್ ವೇಗ. ಉರಿನೋವು ತರುವ ಸಣ್ಣ ನರಗಳದ್ದು ಸೆಕೆಂಡಿಗೆ ಸುಮಾರು ಒಂದೇ ಮೀಟರ್. ಅದಕ್ಕೇ ಕಿರುಬೆರಳು ಮಂಚಕ್ಕೆ ಬಡಿದಾಗ ಮೊದಲು ತಾಗಿದ್ದು ಗೊತ್ತಾಗುತ್ತೆ, ಆ ಉರಿ ಆಮೇಲೆ.

"ಹಾಗಾದ್ರೆ ನಂದು ನಾಳೆ ಬರಬಹುದು ಬಿಡು."

ಇವರಿಗೆ ಏನು ಹೇಳೋದು?

ನನಗೆ ಯಾವಾಗಲೂ ಬೆರಗು ಹುಟ್ಟಿಸುವುದು ಉದ್ದ. ಹೆಬ್ಬೆರಳಿಂದ ಹೊರಟ ಸ್ಪರ್ಶದ ಎಳೆ ಬೆನ್ನುಹುರಿ ಹತ್ತಿ ಮಿದುಳಿನ ಬುಡದ ತನಕ ಹೋಗುತ್ತದಲ್ಲ, ಅದು ಒಂದೇ ಜೀವಕೋಶ. ಒಂದು ಮೀಟರಿಗೂ ಜಾಸ್ತಿ. ಅದನ್ನು ಸಾಕುವ ಒಡಲು ಮಾತ್ರ ಬೆನ್ನುಮೂಳೆಯ ಪಕ್ಕದಲ್ಲಿ, ಕಣ್ಣಿಗೆ ಕಾಣದಷ್ಟು ಚಿಕ್ಕದು. ಸಕ್ಕರೆ ಕಾಯಿಲೆಯಲ್ಲಿ ಉದ್ದದ ನರಗಳ ತುದಿಯೇ ಮೊದಲು ಸೊರಗುತ್ತದೆ. ಪಾದ ಮೊದಲು, ಕೈ ಆಮೇಲೆ.

ಮಿದುಳಿಗೆ ಸಿಗುವುದು ಬಂದ ಮಿಡಿತಗಳು ಮಾತ್ರ. ಬಾರದೇ ಹೋದದ್ದು ಅದಕ್ಕೆ ಗೊತ್ತಾಗುವುದು ಹೇಗೆ? ಪಾದಕ್ಕೆ ಏನೂ ಆಗಿಲ್ಲ, ಪಾದದಿಂದ ಸುದ್ದಿಯೇ ಇಲ್ಲ, ಎರಡೂ ಒಳಗಿನಿಂದ ಒಂದೇ ಥರ. ಚಪ್ಪಲಿಯೊಳಗೆ ಕಲ್ಲು ಕೂತಿದ್ದರೂ ಅಪ್ಪ "ಚೆನ್ನಾಗೇ ಇದೆ" ಅಂತಲೇ ಹೇಳುತ್ತಾರೆ, ಮತ್ತು ಅದು ಸುಳ್ಳಲ್ಲ.

ಊಟದ ಹೊತ್ತಿಗೆ ಸುಮ್ನೆ ಅಂದರು, "ರಾತ್ರಿ ಮಾತ್ರ ಪಾದ ಧಗಧಗ ಉರಿಯತ್ತೆ. ಸೆಕೆಗೆ ಇರಬೇಕು."

ಯಾವಾಗಿಂದ ಅಂತ ಕೇಳಿದರೆ ಉತ್ತರ ಇಲ್ಲ. ಡಾಕ್ಟರ ಎದುರು ಯಾಕೆ ಹೇಳಲಿಲ್ಲ? "ಅವರು ಕೇಳಲಿಲ್ಲ." ಕೆಟ್ಟ ನರ ಹೊರಗೆ ಏನೂ ಇಲ್ಲದಿದ್ದರೂ ತನ್ನಷ್ಟಕ್ಕೆ ಮಿಡಿಯುತ್ತದೆ. ಮಿದುಳು ಅದನ್ನೂ ನಂಬುತ್ತದೆ.

ಡಾಕ್ಟರಿಗೆ ಫೋನ್ ಮಾಡಬೇಕು. ಸ್ನಾನದ ನೀರನ್ನು ಕಾಲಿಟ್ಟು ನೋಡಬೇಡಿ, ಮೊಣಕೈಯಲ್ಲಿ ನೋಡಿ ಅಂದಿದ್ದೇನೆ, ಕೇಳುತ್ತಾರೋ ಇಲ್ಲವೋ. ಅಂಗಾಲು ನೋಡಿಕೊಳ್ಳಲು ಒಂದು ಕೈಕನ್ನಡಿ ಬೇಕು, ಬಗ್ಗೋಕೆ ಆಗಲ್ಲ ಅವರಿಗೆ. ಕನ್ನಡಕ ಹಾಕಿಕೊಂಡು ನೋಡಬೇಕು ಅಂತ ಬೇರೆ ಹೇಳಬೇಕು, ಇಲ್ಲದಿದ್ದರೆ...