ರಸ್ತೆಯೇ ಇಲ್ಲದ ನಕ್ಷೆ ಹಿಡಿದು ಡಾಲ್ಟನ್ ಹೈವೇಯಲ್ಲಿ

ಅಲಾಸ್ಕಾಗೆ ಹೋದವರೆಲ್ಲ ಕರಡಿ, ಹಿಮನದಿ ಅಂತ ಬರೆಯುತ್ತಾರೆ. ನನಗೆ ಹುಚ್ಚು ಹಿಡಿಸಿದ್ದು ಫೇರ್‌ಬ್ಯಾಂಕ್ಸ್‌ನ ಹಳೇ ಪುಸ್ತಕದಂಗಡಿಯಲ್ಲಿ ಸಿಕ್ಕಿದ ಒಂದು ಟೋಪೋ ಶೀಟ್, ಅಂದರೆ ಬೆಟ್ಟ ಕಣಿವೆಗಳ ಏರಿಳಿತವನ್ನೂ ಗೆರೆಗಳಲ್ಲಿ ತೋರಿಸುವ ನಕ್ಷೆ. 1950ರ ದಶಕದ್ದು, ಚಂಡಲಾರ್ ಅನ್ನೋ ಪ್ರದೇಶದ ಹಾಳೆ, 1:250,000, ಅಂದರೆ ನಕ್ಷೆಯ ಒಂದು ಸೆಂಟಿಮೀಟರ್ ನೆಲದ ಮೇಲೆ ಎರಡೂವರೆ ಕಿಲೋಮೀಟರ್. ನಮ್ಮ ಸರ್ವೇ ಆಫ್ ಇಂಡಿಯಾದ ಡಿಗ್ರಿ ಶೀಟ್ ಇರುತ್ತಲ್ಲ, ಅದೇ ಅಳತೆ. ಮಡಿಕೆಗಳು ಸವೆದು, ನಾಲ್ಕು ಮಡಿಕೆ ಸೇರುವ ಕಡೆ ತೂತು ಬಿದ್ದಿತ್ತು.

ಅದನ್ನು ಹಿಡಿದು ಉತ್ತರಕ್ಕೆ ಹೋಗುವ ಡಾಲ್ಟನ್ ಹೈವೇಯಲ್ಲಿ ಹೊರಟೆ. ಕೋಲ್ಡ್‌ಫುಟ್ ಅನ್ನೋ ಪುಟ್ಟ ತಂಗುದಾಣದವರೆಗೆ ಧೂಳು, ಲಾರಿ, ಮತ್ತೆ ಧೂಳು. ಅಲ್ಲಿಂದ ಉತ್ತರಕ್ಕೆ ಡೀಟ್ರಿಕ್ ನದಿಯ ಕಣಿವೆ. ಕಾರು ನಿಲ್ಲಿಸಿ ಬಾನೆಟ್ ಮೇಲೆ ನಕ್ಷೆ ಹರಡಿದೆ. ಎತ್ತರ 200 ಅಡಿ ಏರಿದಾಗೊಮ್ಮೆ ಒಂದು ಕಂದು ಗೆರೆ, ಎದುರಿನ ಬೆಟ್ಟದ ಒಂದೊಂದು ಏಣೂ ತಾಳೆಯಾಯಿತು. ನಾನು ನಿಂತಿದ್ದ ರಸ್ತೆ ಮಾತ್ರ ಅದರಲ್ಲಿಲ್ಲ. ಇರೋಕೆ ಸಾಧ್ಯವೂ ಇಲ್ಲ ಬಿಡಿ, ಎಣ್ಣೆ ಪೈಪ್‌ಲೈನಿಗಾಗಿ ಈ ರಸ್ತೆ ಮಾಡಿದ್ದೇ 1974ರಲ್ಲಿ. ಆದರೆ ನದಿಯೂ ತಾಳೆಯಾಗಲಿಲ್ಲ! ನಕ್ಷೆಯಲ್ಲಿ ನೀಲಿ ಇದ್ದ ಕಡೆ ಬರೀ ಜಲ್ಲಿ, ಅದರ ಮೇಲೆ ಆಳೆತ್ತರದ ಪೊದೆ.

ಟೈರ್ ನೋಡಲು ನಿಲ್ಲಿಸಿದ್ದ ಲಾರಿ ಡ್ರೈವರ್ ಒಬ್ಬರು ಬಂದು ಬಗ್ಗಿ ನೋಡಿದರು. ವಯಸ್ಸಾದವರು.

"ಇದು ಫೋಟೋ ತೆಗೆದ ವರ್ಷದ ನದಿ," ಅಂದರು. ವಿಮಾನದಿಂದ ತೆಗೆದ ಚಿತ್ರ ನೋಡಿ ಬರೆದ ನಕ್ಷೆ ಅಲ್ವಾ ಇದು. ಹಿಮ ಕರಗಿದಾಗ ನೀರು ಜಲ್ಲಿ ತಂದು ಸುರಿದು ತನ್ನ ಕಾಲುವೆಯನ್ನು ತಾನೇ ಮುಚ್ಚಿಕೊಳ್ಳುತ್ತದೆ, ಪಕ್ಕದಲ್ಲಿ ಇನ್ನೊಂದು ಕೊರೆಯುತ್ತದೆ. ಚಳಿಗಾಲದ್ದು ಬೇರೆ ಕಥೆ. ತಳದವರೆಗೂ ಹೆಪ್ಪುಗಟ್ಟಿದಾಗ ಅಡಿಯಿಂದ ಒತ್ತುವ ನೀರು ಮಂಜುಗಡ್ಡೆ ಸೀಳಿ ಮೇಲೆ ಬಂದು ಮತ್ತೆ ಗಡ್ಡೆಯಾಗುತ್ತದೆ, ಪದರದ ಮೇಲೆ ಪದರ. 2015ರಲ್ಲಿ ಇನ್ನೂ ಉತ್ತರಕ್ಕಿರುವ ಸಾಗ್ ನದಿ ಹೀಗೇ ಉಬ್ಬಿ ಈ ಹೈವೇಯನ್ನೇ ಮುಚ್ಚಿಸಿತ್ತು.

"ಮಾರ್ತೀರಾ ಇದನ್ನ?" ಅಂತ ಕೇಳಿದರು. ಇಲ್ಲ ಅಂದೆ. "ನಾನಾಗಿದ್ರೂ ಕೊಡ್ತಿರಲಿಲ್ಲ," ಅಂತ ನಕ್ಕು ಲಾರಿ ಹತ್ತಿದರು.

ಆಮೇಲೆ ನೋಡಿದ್ದು ಹಸಿರು. ನಕ್ಷೆಯಲ್ಲಿ ಕಾಡಿನ ಹಸಿರು ಬಣ್ಣ ಕಣಿವೆಯುದ್ದಕ್ಕೂ ತೆಳ್ಳಗಾಗುತ್ತಾ ಹೋಗಿ ನಿಂತೇಬಿಡುತ್ತದೆ. ರಸ್ತೆಯಲ್ಲೂ ಹಾಗೇ, 235ನೇ ಮೈಲಿಯ ಹತ್ತಿರ ಸ್ಪ್ರೂಸ್ ಮರಗಳು ಮುಗಿದವು. ಇದೇ ಉತ್ತರದ ಕೊನೆಯ ಮರ, ಕಡಿಯಬೇಡಿ ಅಂತ ಒಂದಕ್ಕೆ ಬೋರ್ಡ್ ಹಾಕಿದ್ದರಂತೆ. ಯಾವನೋ ಪುಣ್ಯಾತ್ಮ ಅದರ ತೊಗಟೆ ಸುತ್ತಲೂ ಕೆತ್ತಿ ಸಾಯಿಸಿದ.

ಬಾಡಿಗೆ ಕಾರಿನ ವಿಷಯ ಹೇಳಲೇಬೇಕು. ಎರಡು ಸ್ಟೆಪ್ನಿ ಅಂತ ಬಾಯಲ್ಲಿ ಹೇಳಿ ಡಿಕ್ಕಿಯಲ್ಲಿ ಒಂದೇ ಇಟ್ಟಿದ್ದರು. ಗಾಜಿಗೆ ಕಲ್ಲು ಬಡಿದಿದ್ದಕ್ಕೆ ಮಾತ್ರ ಚೆನ್ನಾಗಿ ಬಿಲ್ ಹಾಕಿದರು. ಹೊರಡುವ ಮುಂಚೆ ಡಿಕ್ಕಿ ತೆಗೆದು ನೋಡಿ, ಜಲ್ಲಿ ರಸ್ತೆಗೆ ಒಪ್ಪಿಗೆ ಇದೆ ಅಂತ ಬರೆಸಿಕೊಳ್ಳಿ. ಕೋಲ್ಡ್‌ಫುಟ್ ಬಿಟ್ಟರೆ ಮುಂದಿನ ಪೆಟ್ರೋಲ್ 240 ಮೈಲಿ ಆಚೆ, ಡೆಡ್‌ಹಾರ್ಸ್‌ನಲ್ಲಿ.

ಹಳೇ ಶೀಟ್ ಬೇಕಾದವರು ಅಂಗಡಿ ಸುತ್ತಬೇಕಿಲ್ಲ, ಅಮೆರಿಕದ ಭೂಸರ್ವೇಕ್ಷಣಾ ಸಂಸ್ಥೆ ಯುಎಸ್‌ಜಿಎಸ್‌ನವರ ಟೋಪೋವ್ಯೂ ವೆಬ್‌ಸೈಟಿನಲ್ಲಿ ಪುಕ್ಕಟೆ ಸಿಗುತ್ತವೆ. ದಿಕ್ಸೂಚಿಯ ಮುಳ್ಳು ನಿಜವಾದ ಉತ್ತರದಿಂದ ಎಷ್ಟು ಓರೆ ಅಂತ ಅಂಚಿನಲ್ಲಿ ಅಚ್ಚಾಗಿರುವ ಕೋನವನ್ನು ಮಾತ್ರ ಬಳಸಬೇಡಿ, ಈ ಕಡೆ ಅಲ್ಲಿಂದೀಚೆಗೆ ಅದು ಹತ್ತು ಡಿಗ್ರಿಗಿಂತ ಜಾಸ್ತಿ ಸರಿದಿದೆ.