ಕರುಳಿನ ಬ್ಯಾಕ್ಟೀರಿಯಾಗೆ ಕಂಪ್ಯೂಟರಿನಲ್ಲಿ ಮುದ್ದೆ ಬಡಿಸುವುದು

ಮೂರು ವಾರದಿಂದ ಒಂದೇ ಫೈಲ್ ಮುಂದೆ ಕೂತಿದ್ದೇನೆ. ಒಬ್ಬ ಮನುಷ್ಯ ದಿನಕ್ಕೆ ಏನೇನು ತಿನ್ನುತ್ತಾನೆ ಅನ್ನುವ ಪಟ್ಟಿ ಅದು. ಅನ್ನ, ಸಾರು ಅಂತ ಅದರಲ್ಲಿ ಬರೆದಿರುವುದಿಲ್ಲ. ಗ್ಲೂಕೋಸ್ ಇಷ್ಟು, ಸೆಲ್ಯುಲೋಸ್ ಇಷ್ಟು, ಇಂಥ ಅಮೈನೊ ಆಸಿಡ್ ಇಷ್ಟು ಮಿಲಿಮೋಲ್ (ಅಣುಗಳನ್ನು ಎಣಿಸುವ ಅಳತೆ), ಹೀಗೆ. ಕರುಳಿನ ಬ್ಯಾಕ್ಟೀರಿಯಾದ ಮಾಡೆಲ್ ಓಡಿಸುವ ಬಹಳ ಜನ ಬಳಸುವ ಪಟ್ಟಿ ಯುರೋಪಿನ ಸರಾಸರಿ ಊಟದ್ದು. ಅದನ್ನು ತೆಗೆದು ನಮ್ಮ ಮನೆಯ ಊಟ ಹಾಕಬೇಕು ಅನ್ನುವುದು ನನ್ನ ಆಸೆ. ಮುದ್ದೆ, ಸೊಪ್ಪಿನ ಸಾರು, ಹುರುಳಿಕಾಳು, ಮಜ್ಜಿಗೆ.

ಮೊದಲು ಈ ಮಾಡೆಲ್ ಅಂದರೆ ಏನು ಅಂತ ಹೇಳಿಬಿಡುತ್ತೇನೆ. ಒಂದು ಬ್ಯಾಕ್ಟೀರಿಯಾದ ಜೀನೋಮ್, ಅಂದರೆ ಅದರ ಪೂರ್ತಿ ಡಿಎನ್ಎ ಓದಿ, ಅದರ ಹತ್ತಿರ ಯಾವ ಯಾವ ಎನ್‌ಜೈಮ್ ಇವೆ, ಅವು ಯಾವುದನ್ನು ಯಾವುದಾಗಿ ಮಾಡುತ್ತವೆ ಅಂತ ಒಂದೊಂದಾಗಿ ಬರೆದಿಟ್ಟರೆ ಅದೇ ಮಾಡೆಲ್. ಮಿಕ್ಕಿದ್ದು ಜಮಾ ಖರ್ಚಿನ ಲೆಕ್ಕ. ಒಳಗೆ ಬಂದದ್ದು ಏನಾದರೂ ಆಗಿ ಹೊರಗೆ ಹೋಗಲೇಬೇಕು, ನಡುವೆ ಎಲ್ಲೂ ಗುಡ್ಡೆ ಬೀಳುವಂತಿಲ್ಲ. ಈ ಕಟ್ಟುಪಾಡಿನೊಳಗೆ ಬ್ಯಾಕ್ಟೀರಿಯಾ ಎಷ್ಟು ಜೋರಾಗಿ ಬೆಳೆಯಬಹುದು ಅಂತ ಕಂಪ್ಯೂಟರ್ ಹುಡುಕುತ್ತದೆ.

ನಿಮ್ಮ ಲ್ಯಾಪ್‌ಟಾಪಿನಲ್ಲೇ ಮಾಡಿ ನೋಡಬಹುದು. ಕೋಬ್ರಾಪೈ ಅಂತ ಪೈಥಾನ್ ಪ್ಯಾಕೇಜ್ ಇದೆ, ಉಚಿತ. ಅದರ ಜೊತೆಗೇ ಇ. ಕೋಲಿ ಅನ್ನುವ ಕರುಳಿನ ಬ್ಯಾಕ್ಟೀರಿಯಾದ ಪುಟ್ಟ ಮಾಡೆಲ್ ಒಂದು ಬರುತ್ತದೆ, ಬರೀ 95 ರಿಯಾಕ್ಷನ್, 137 ಜೀನ್. ಗ್ಲೂಕೋಸ್ 10 (ಒಂದು ಗ್ರಾಂ ಒಣ ಬ್ಯಾಕ್ಟೀರಿಯಾಗೆ ಗಂಟೆಗೆ 10 ಮಿಲಿಮೋಲ್) ಕೊಟ್ಟು, ಆಕ್ಸಿಜನ್ ಬಾಗಿಲು ತೆಗೆದಿಟ್ಟು ಓಡಿಸಿದರೆ ಬೆಳವಣಿಗೆಯ ದರ ಗಂಟೆಗೆ 0.874 ಬರುತ್ತದೆ. ಆಕ್ಸಿಜನ್ ಮುಚ್ಚಿ ಮತ್ತೆ ಓಡಿಸಿ, 0.212ಕ್ಕೆ ಇಳಿಯುತ್ತದೆ. ಆಗ ಹೊರಗೆ ಏನು ಬರುತ್ತಿದೆ ಅಂತ ನೋಡಿ: ಅಸಿಟೇಟ್, ಫಾರ್ಮೇಟ್, ಎಥನಾಲ್. ಮೊದಲೆರಡು ಹುಳಿ, ಮೂರನೆಯದು ಮದ್ಯಸಾರ. ಆಕ್ಸಿಜನ್ ಇದ್ದಾಗ ಇವು ಮೂರೂ ಇರಲಿಲ್ಲ. ಇದನ್ನು ಮೊದಲ ಸಲ ನೋಡಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ, ಯಾಕೆಂದರೆ ಹುಳಿ ಬರಿಸು ಅಂತ ನಾನು ಎಲ್ಲೂ ಬರೆದಿರಲಿಲ್ಲ, ಗಾಳಿ ಇಲ್ಲದ ಕಡೆ ಹುಳಿ ಬರುತ್ತದೆ ಅನ್ನುವುದು ಸುಮ್ನೆ ಲೆಕ್ಕದಿಂದಲೇ ಹೊರಬಂದಿತ್ತು.

ದೊಡ್ಡ ಕರುಳಿನಲ್ಲೂ ಆಕ್ಸಿಜನ್ ಹೆಚ್ಚುಕಡಿಮೆ ಇಲ್ಲವೇ ಇಲ್ಲ. ಅಲ್ಲಿ ಒಬ್ಬರು ಬಿಟ್ಟದ್ದು ಇನ್ನೊಬ್ಬರ ಊಟ. ಬೈಫಿಡೋಬ್ಯಾಕ್ಟೀರಿಯಾ ಬಿಟ್ಟ ಅಸಿಟೇಟನ್ನು ಫೀಕಾಲಿಬ್ಯಾಕ್ಟೀರಿಯಮ್ ಅನ್ನುವ ಇನ್ನೊಂದು ಬ್ಯಾಕ್ಟೀರಿಯಾ ತಗೊಂಡು ಬ್ಯೂಟಿರೇಟ್ ಅನ್ನುವ ಬೇರೊಂದು ಹುಳಿ ಮಾಡುತ್ತದೆ, ಆ ಬ್ಯೂಟಿರೇಟ್ ನಮ್ಮ ದೊಡ್ಡ ಕರುಳಿನ ಒಳಪದರದ ಜೀವಕೋಶಗಳಿಗೆ ಮುಖ್ಯ ಇಂಧನ. ಇಂಥ ಕೊಡು ಕೊಳ್ಳುವಿಕೆ ಲೆಕ್ಕ ಹಾಕಬೇಕಾದರೆ ಒಂದು ಮಾಡೆಲ್ ಸಾಲದು, ನೂರಾರು ಬೇಕು. ಲಕ್ಸೆಂಬರ್ಗಿನಲ್ಲಿ ಇನೆಸ್ ಟೀಲೆ ಅವರ ತಂಡ ಅಗೋರಾ ಅನ್ನುವ ಹೆಸರಿನಲ್ಲಿ 773 ಕರುಳಿನ ಬ್ಯಾಕ್ಟೀರಿಯಾಗಳ ಮಾಡೆಲ್ ಕಟ್ಟಿ ಎಲ್ಲರಿಗೂ ಬಿಟ್ಟುಕೊಟ್ಟಿತು. 2023ರಲ್ಲಿ ಬಂದ ಎರಡನೇ ಆವೃತ್ತಿಯಲ್ಲಿ 7,302 ತಳಿಗಳಿವೆ, ಜೊತೆಗೆ 98 ಔಷಧಿಗಳನ್ನು ಅವು ಏನು ಮಾಡುತ್ತವೆ ಅನ್ನುವುದೂ ಇದೆ.

ಔಷಧಿ ಅಂದ ಕೂಡಲೇ ನನಗೆ ನೆನಪಾಗುವುದು ಡಿಜಾಕ್ಸಿನ್. ಹೃದಯದ ತೊಂದರೆಗೆ ಕೊಡುವ ಮಾತ್ರೆ. ಕೆಲವರ ಕರುಳಿನಲ್ಲಿ ಎಗರ್ಥೆಲ್ಲಾ ಲೆಂಟಾ ಅನ್ನುವ ಬ್ಯಾಕ್ಟೀರಿಯಾ ಇದನ್ನು ಕೆಲಸಕ್ಕೆ ಬಾರದ ಹಾಗೆ ಬದಲಾಯಿಸಿಬಿಡುತ್ತದೆ. 1989ರಲ್ಲಿ ವೆಲ್ಲೂರಿನ ವಿ. ಐ. ಮಥಾನ್ ಮತ್ತು ನ್ಯೂಯಾರ್ಕಿನ ಸಂಶೋಧಕರು ಸೇರಿ ಒಂದು ಹೋಲಿಕೆ ಪ್ರಕಟಿಸಿದರು. ಹೀಗೆ ಬದಲಾದ ಡಿಜಾಕ್ಸಿನ್ ನ್ಯೂಯಾರ್ಕಿನವರಲ್ಲಿ ಶೇ. 36 ಜನರ ಮೂತ್ರದಲ್ಲಿ ಸಿಕ್ಕಿತು, ದಕ್ಷಿಣ ಭಾರತದವರಲ್ಲಿ ಸುಮಾರು ಶೇ. 14 ಜನರಲ್ಲಿ ಮಾತ್ರ. ಅದೇ ಮಾತ್ರೆ, ಕರುಳು ಬೇರೆ. ಆಮೇಲೆ 2013ರಲ್ಲಿ ಇನ್ನೊಂದು ವಿಷಯ ಗೊತ್ತಾಯಿತು. ಲೆಂಟಾದ ಎಲ್ಲ ತಳಿಗಳೂ ಈ ಕೆಲಸ ಮಾಡುವುದಿಲ್ಲ, ಮಾಡುವ ತಳಿಯೂ ಅರ್ಜಿನಿನ್ ಅನ್ನುವ ಅಮೈನೊ ಆಸಿಡ್ ಜಾಸ್ತಿ ಸಿಕ್ಕರೆ ಸುಮ್ಮನಿರುತ್ತದೆ. ಅಂದರೆ ತಿಂದ ಊಟವೂ ಲೆಕ್ಕಕ್ಕೆ ಬಂತು, ಅಲ್ವಾ? ಇಲ್ಲಿ ನಮ್ಮ ಮಾಡೆಲ್ ಸೋಲುತ್ತದೆ ಅನ್ನುವುದನ್ನೂ ಹೇಳಬೇಕು. ಜೀನ್ ಇದೆಯೋ ಇಲ್ಲವೋ ಅಷ್ಟೇ ಅದಕ್ಕೆ ಗೊತ್ತು. ಆ ಜೀನ್ ಈಗ ಎದ್ದಿದೆಯೋ ಮಲಗಿದೆಯೋ ಗೊತ್ತಾಗುವುದಿಲ್ಲ.

ಇಷ್ಟಿದ್ದೂ ಊಟದ ಪಟ್ಟಿಯನ್ನು ಯಾರದ್ದೋ ಹಾಕಿ, ಬ್ಯಾಕ್ಟೀರಿಯಾ ನಮ್ಮ ಜನರದ್ದು ಹಾಕಿ, ಬಂದ ಉತ್ತರ ನಮ್ಮದು ಅಂತ ಹೇಳುವುದು ನನಗೆ ಸರಿ ಕಾಣುವುದಿಲ್ಲ.

ಹಾಗಾಗಿ ರಾಗಿಯಿಂದ ಶುರು ಮಾಡಿದೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2017ರಲ್ಲಿ 528 ಆಹಾರಗಳ ಕೋಷ್ಟಕ ತಂದಿದೆ, ಚಿನ್ನದಂಥ ಕೆಲಸ. ಅದರ ಪ್ರಕಾರ 100 ಗ್ರಾಂ ರಾಗಿಯಲ್ಲಿ ನಾರು 11.18 ಗ್ರಾಂ, ಬಿಳಿ ಅಕ್ಕಿಯಲ್ಲಿ 2.81 ಗ್ರಾಂ. ಆದರೆ ಮಾಡೆಲ್‌ಗೆ ನಾರು ಅಂದರೆ ಅರ್ಥವಾಗುವುದಿಲ್ಲ. ಯಾವ ನಾರು ಅಂತ ಕೇಳುತ್ತದೆ, ಸೆಲ್ಯುಲೋಸೋ, ಅರಾಬಿನೋಕ್ಸಿಲಾನೋ, ಪೆಕ್ಟಿನ್ನೋ? ಕೋಷ್ಟಕದಲ್ಲಿ ಇರುವುದು ನೀರಲ್ಲಿ ಕರಗುವ ನಾರು, ಕರಗದ ನಾರು, ಅಷ್ಟೇ. ಪಿಷ್ಟದ ಕಥೆ ಇನ್ನೂ ಕಷ್ಟ. ಬಹುಪಾಲು ಸಣ್ಣ ಕರುಳಿನಲ್ಲೇ ರಕ್ತಕ್ಕೆ ಹೋಗಿಬಿಡುತ್ತದೆ, ದೊಡ್ಡ ಕರುಳಿಗೆ ಮುಟ್ಟುವುದು ಉಳಿದ ಸ್ವಲ್ಪ. ಬಿಸಿ ಮುದ್ದೆಯಲ್ಲಿ ಆ ಉಳಿಕೆ ಒಂದಷ್ಟಿದ್ದರೆ ರಾತ್ರಿಯಿಡೀ ಆರಿದ ತಂಗಳು ಮುದ್ದೆಯಲ್ಲಿ ಜಾಸ್ತಿ, ಯಾಕೆಂದರೆ ಆರಿದಾಗ ಪಿಷ್ಟ ಮತ್ತೆ ಗಟ್ಟಿಯಾಗಿ ಹೆಣೆದುಕೊಳ್ಳುತ್ತದೆ. ಹಾಗಾಗಿ ನನ್ನ ಫೈಲ್‌ನಲ್ಲಿ ಈಗ ಮುದ್ದೆಗೆ ಎರಡು ಸಾಲಿವೆ.

ಈ ವಾರ ಹುರುಳಿಕಾಳು. ಕಾಳುಗಳಲ್ಲಿ ರಾಫಿನೋಸ್, ಸ್ಟಾಕಿಯೋಸ್ ಅನ್ನುವ ಸಕ್ಕರೆಗಳಿವೆ. ಅವನ್ನು ಒಡೆಯುವ ಎನ್‌ಜೈಮ್ ನಮ್ಮ ಕರುಳಿಗಿಲ್ಲ, ಬ್ಯಾಕ್ಟೀರಿಯಾಗಿದೆ. ಕಾಳು ತಿಂದಾಗ ಹೊಟ್ಟೆ ಉಬ್ಬುವುದು ಅದಕ್ಕೇ. ನೆನೆಸಿದರೆ ಒಂದಷ್ಟು ನೀರಿಗೆ ಬಿಡುತ್ತವೆ, ಬೇಯಿಸಿದರೆ ಇನ್ನಷ್ಟು. ಕೋಷ್ಟಕದಲ್ಲಿರುವುದು ಹಸಿ ಕಾಳಿನ ಲೆಕ್ಕ. ಅದಕ್ಕೆ ಅಮ್ಮನಿಗೆ ಫೋನ್ ಮಾಡಿ, ನೆನೆಸಿದ ನೀರನ್ನು ಚೆಲ್ಲುತ್ತೀಯಾ ಅಂತ ಕೇಳಿದೆ.

"ನೆನೆಸಿದ್ದು ಚೆಲ್ತೀನಿ ಕಣಪ್ಪ. ಬೇಯಿಸಿದ ಕಟ್ಟು ಚೆಲ್ತಾರಾ ಯಾರಾದ್ರೂ? ಅದರಲ್ಲೇ ತಾನೇ ಸಾರು. ಮಳೆಗಾಲದಲ್ಲಿ ನೆನೆಸೋದೂ ಇಲ್ಲ, ಹುರಿದು ಹಾಗೇ ಬೇಯಿಸ್ತೀನಿ."

ಹುರುಳಿಗೆ ಮೂರು ಸಾಲು ಹಾಕಿದ್ದೇನೆ: ನೆನೆಸಿ ಬೇಯಿಸಿದ ಕಾಳು, ಹುರಿದು ಬೇಯಿಸಿದ ಕಾಳು, ಕಟ್ಟಿನ ಸಾರು.